ಯಾವ ವಾಲ್ಯೂಮ್‌ಗೆ ಡಿಡುಪ್ಲಿಕೇಷನ್ ಹಾಕಬೇಕು, ಯಾವುದಕ್ಕೆ ಬೇಡ?

ಪ್ರಶ್ನೆ: ನಮ್ಮದು ಎಂಬತ್ತು ಜನರ ಕಚೇರಿ. ವಿಂಡೋಸ್ ಸರ್ವರ್ 2019 ಇರುವ ಒಂದೇ ಸರ್ವರ್, 32 ಜಿಬಿ ರ‍್ಯಾಮ್. ಸಿ ಡ್ರೈವ್ ಸಿಸ್ಟಂಗೆ. ಡಿ ಸಿಬ್ಬಂದಿಯ ಫೈಲುಗಳಿಗೆ (3 ಟಿಬಿ). ಇ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸಿಗೆ. ಎಫ್ ಹೈಪರ್-ವಿ ವರ್ಚುವಲ್ ಮಷೀನುಗಳಿಗೆ. ಜಿ ಬ್ಯಾಕಪ್‌ಗೆ (8 ಟಿಬಿ). ಎಚ್ ಸಿಸಿಟಿವಿ ರೆಕಾರ್ಡಿಂಗ್ ಮತ್ತು ಫೋಟೊಗಳಿಗೆ. ಐ ಐಎಸ್‌ಒ ಮತ್ತು ಇನ್‌ಸ್ಟಾಲರ್‌ಗಳಿಗೆ (600 ಜಿಬಿ). ಎಲ್ಲವೂ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಮಾಮೂಲಿ ಫೈಲ್ ಸಿಸ್ಟಂ). ಡಿ ಮತ್ತು ಜಿ ತುಂಬುತ್ತ ಬಂದಿವೆ, ಹೊಸ ಡಿಸ್ಕ್‌ಗೆ ಈ ವರ್ಷ ಹಣವಿಲ್ಲ. ಒಂದೇ ಡೇಟಾದ ನಕಲುಗಳನ್ನು ಒಂದೇ ಸಲ ಇಟ್ಟು ಜಾಗ ಉಳಿಸುವ ಡೇಟಾ ಡಿಡುಪ್ಲಿಕೇಷನ್ ಅನ್ನು ಎಲ್ಲ ಡ್ರೈವ್‌ಗಳಿಗೂ (ವಾಲ್ಯೂಮ್‌ಗಳಿಗೂ) ಆನ್ ಮಾಡಿಬಿಡಬಹುದೇ?

ಉತ್ತರ: ಎಲ್ಲಕ್ಕೂ ಬೇಡ. ಐ ಡ್ರೈವ್‌ಗೆ ಇವತ್ತೇ ಹಾಕಿ. ಜಿ ಡ್ರೈವ್‌ಗೆ ಬ್ಯಾಕಪ್ ಸೆಟ್ಟಿಂಗ್ ಬದಲಿಸಿದ ಮೇಲೆ ಹಾಕಿ. ಡಿ ಡ್ರೈವನ್ನು ಮೊದಲು ಅಳೆದು ನೋಡಿ, ಬಹುತೇಕ ಹಾಕುವುದೇ ಸರಿಯಾಗುತ್ತದೆ. ಇ ಮತ್ತು ಎಫ್ ತಂಟೆಗೆ ಹೋಗಬೇಡಿ. ಎಚ್‌ನಿಂದ ಏನೂ ಸಿಗದು. ಸಿ ಡ್ರೈವ್ ಸಿಸ್ಟಂ ವಾಲ್ಯೂಮ್ ಆದ್ದರಿಂದ ವಿಂಡೋಸೇ ಒಪ್ಪುವುದಿಲ್ಲ.

ಇಷ್ಟಕ್ಕೇ ನಿಂತರೆ, ನಾಳೆ ನೀವು ಇನ್ನೊಂದು ವಾಲ್ಯೂಮ್ ಸೇರಿಸಿದಾಗ ಮತ್ತೆ ಇದೇ ಪ್ರಶ್ನೆ ಏಳುತ್ತದೆ. ಹಾಗಾಗಿ ಒಳಗೆ ನಡೆಯುವುದನ್ನು ಸ್ವಲ್ಪ ವಿವರಿಸುತ್ತೇನೆ.

ಫೈಲ್ ಬರೆಯುವ ಹೊತ್ತಿನಲ್ಲಿ ವಿಂಡೋಸ್ ಸರ್ವರ್‌ನ ಡಿಡುಪ್ಲಿಕೇಷನ್ ಏನೂ ಮಾಡುವುದಿಲ್ಲ. ಫೈಲ್ ಮಾಮೂಲಿಯಂತೆ ಪೂರ್ತಿ ಡಿಸ್ಕ್‌ಗೆ ಹೋಗುತ್ತದೆ. ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ ಮೂರು ದಿನ ಕಳೆದ ಮೇಲೆ ಆಪ್ಟಿಮೈಸೇಷನ್ ಎಂಬ ಕೆಲಸ ಅದನ್ನು ಕೈಗೆತ್ತಿಕೊಂಡು, 32 ಕೆಬಿಯಿಂದ 128 ಕೆಬಿವರೆಗಿನ ಬೇರೆ ಬೇರೆ ಅಳತೆಯ ತುಣುಕುಗಳಾಗಿ ಒಡೆಯುತ್ತದೆ. ಆ ತುಣುಕು ಮೊದಲೇ ಇದ್ದರೆ ಬರೀ ಕೊಂಡಿ ಹಾಕುತ್ತದೆ. ಇಲ್ಲದಿದ್ದರೆ ಕಂಪ್ರೆಸ್ ಮಾಡಿ ಅದೇ ವಾಲ್ಯೂಮ್‌ನ ಸಿಸ್ಟಂ ವಾಲ್ಯೂಮ್ ಇನ್‌ಫರ್ಮೇಷನ್ ಫೋಲ್ಡರ್‌ನೊಳಗಿರುವ ಚಂಕ್ ಸ್ಟೋರ್‌ಗೆ ಸೇರಿಸುತ್ತದೆ. ಮೂಲ ಫೈಲಿನ ಜಾಗದಲ್ಲಿ ಉಳಿಯುವುದು ರೀಪಾರ್ಸ್ ಪಾಯಿಂಟ್ ಎಂಬ ಸೂಚಿ ಮಾತ್ರ. ತೆರೆಯುವವರಿಗೆ ಇದು ಗೊತ್ತಾಗುವುದಿಲ್ಲ, ಫೈಲ್ ಎಂದಿನಂತೆಯೇ ತೆರೆಯುತ್ತದೆ.

ಆಯ್ಕೆಯ ಸೂತ್ರಗಳು ಇದರಿಂದಲೇ ಹೊರಡುತ್ತವೆ. ಒಂದು ವಾಲ್ಯೂಮ್‌ನೊಳಗಿನ ನಕಲುಗಳಷ್ಟೇ ಒಂದಾಗುತ್ತವೆ; ಡಿ ಮತ್ತು ಐ ಎರಡರಲ್ಲೂ ಒಂದೇ ಫೈಲ್ ಇದ್ದರೆ ಅದು ಎರಡು ಕಡೆಯೂ ಉಳಿಯುತ್ತದೆ. 32 ಕೆಬಿಗಿಂತ ಚಿಕ್ಕ ಫೈಲುಗಳನ್ನು, ಇಎಫ್‌ಎಸ್‌ನಿಂದ (ಒಂದೊಂದೇ ಫೈಲನ್ನು ಎನ್‌ಕ್ರಿಪ್ಟ್ ಮಾಡುವ ವಿಂಡೋಸ್ ಸೌಲಭ್ಯ) ಎನ್‌ಕ್ರಿಪ್ಟ್ ಆದ ಫೈಲುಗಳನ್ನು ಅದು ಮುಟ್ಟುವುದಿಲ್ಲ. ಇಡೀ ಡ್ರೈವನ್ನು ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್‌ನಿಂದ ತೊಂದರೆಯಿಲ್ಲ, ಅದು ಫೈಲ್ ಸಿಸ್ಟಂನ ಕೆಳಗಿನ ಪದರದಲ್ಲಿ ಕೆಲಸ ಮಾಡುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಒಮ್ಮೆ ತುಣುಕಾದ ಫೈಲನ್ನು ಮತ್ತೆ ತಿದ್ದಿದರೆ ಹೊಸ ಭಾಗ ಪ್ರತ್ಯೇಕವಾಗಿ ಕೂರುತ್ತದೆ, ಆಪ್ಟಿಮೈಸೇಷನ್ ಮತ್ತೆ ಓಡಬೇಕು, ಹಳೆಯ ತುಣುಕು ಕಸವಾಗಿ ಉಳಿಯುತ್ತದೆ. ಆದ್ದರಿಂದ ‘ನಕಲು ಎಷ್ಟಿದೆ’ ಎಂದು ಕೇಳಿದರಷ್ಟೇ ಸಾಲದು. ಬರೆದ ಮೇಲೆ ಈ ಡೇಟಾ ಸುಮ್ಮನಿರುತ್ತದೆಯೇ ಎಂಬುದನ್ನೂ ಕೇಳಬೇಕು. ನನ್ನ ಮಟ್ಟಿಗೆ ಈ ಎರಡನೆಯ ಪ್ರಶ್ನೆಗೇ ತೂಕ ಹೆಚ್ಚು. ನಕಲು ಕಡಿಮೆಯಿದ್ದರೆ ಲಾಭ ಕಡಿಮೆ, ಅಷ್ಟೇ. ದಿನವಿಡೀ ಬದಲಾಗುವ ಡೇಟಾಗೆ ಹಾಕಿದರೆ ಸರ್ವರ್‌ಗೇ ಹೊರೆ.

ಮೊದಲು ಅಳೆಯುವ ಬಗೆ. ಸರ್ವರ್ ಮ್ಯಾನೇಜರ್‌ನ ಆಡ್ ರೋಲ್ಸ್ ಅಂಡ್ ಫೀಚರ್ಸ್‌ನಲ್ಲಿ ಫೈಲ್ ಅಂಡ್ ಸ್ಟೋರೇಜ್ ಸರ್ವೀಸಸ್, ಅದರೊಳಗೆ ಫೈಲ್ ಅಂಡ್ ಐಸ್ಕಸಿ ಸರ್ವೀಸಸ್, ಅದರೊಳಗೆ ಡೇಟಾ ಡಿಡುಪ್ಲಿಕೇಷನ್ ಗುರುತು ಹಾಕಿ ಇನ್‌ಸ್ಟಾಲ್ ಮಾಡಿ. ಇಷ್ಟರಿಂದ ಯಾವ ವಾಲ್ಯೂಮ್‌ಗೂ ಏನೂ ಆಗುವುದಿಲ್ಲ. ಆದರೆ ಸಿಸ್ಟಂ32 ಫೋಲ್ಡರ್‌ನಲ್ಲಿ ಡಿಡಿಪಿ-ಇವ್ಯಾಲ್ ಎಂಬ ಪರೀಕ್ಷಾ ಸಾಧನ ಬಂದು ಕೂರುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಅದರ ಹೆಸರಿನ ಮುಂದೆ ಡ್ರೈವ್ ಅಥವಾ ಫೋಲ್ಡರ್ ಹೆಸರು ಕೊಟ್ಟರೆ, ಇರುವ ಫೈಲುಗಳನ್ನೆಲ್ಲ ಓದಿ, ಒಂದನ್ನೂ ಬದಲಿಸದೆ, ಎಷ್ಟು ಉಳಿತಾಯವಾದೀತು ಎಂದು ಹೇಳುತ್ತದೆ. ಈ ಒಂದೇ ಫೈಲನ್ನು ವಿಂಡೋಸ್ 7 ಅಥವಾ ನಂತರದ ಬೇರೆ ಕಂಪ್ಯೂಟರಿಗೆ ಕಾಪಿ ಮಾಡಿಕೊಂಡು, ನೆಟ್‌ವರ್ಕ್ ಶೇರ್ ಮೇಲೂ ಓಡಿಸಬಹುದು. ಈಗಾಗಲೇ ಡಿಡುಪ್ಲಿಕೇಷನ್ ಆನ್ ಆಗಿರುವ ವಾಲ್ಯೂಮ್ ಮೇಲೆ ಮಾತ್ರ ಓಡದು. ಹಾಗಾಗಿ ಅಳತೆ ಮೊದಲು, ಆನ್ ಮಾಡುವುದು ಆಮೇಲೆ. ಎಲ್ಲ ಡೇಟಾವನ್ನೂ ಓದುವುದರಿಂದ 3 ಟಿಬಿಗೆ ಬಹಳ ಹೊತ್ತು ಹಿಡಿಯುತ್ತದೆ, ಶನಿವಾರ ಸಂಜೆ ಹಚ್ಚಿಟ್ಟು ಹೋಗಿ.

ಫಲಿತಾಂಶದಲ್ಲಿ ಉಳಿತಾಯದ ಶೇಕಡಾವಾರು ಎರಡು ಸಲ ಬರುತ್ತದೆ: ಕಂಪ್ರೆಷನ್ ಸೇರಿಸಿ ಒಂದು, ಕಂಪ್ರೆಷನ್ ಇಲ್ಲದೆ ಒಂದು. ಎರಡನ್ನೂ ಓದಿ. ಮೊದಲನೆಯದು ದೊಡ್ಡದಿದ್ದು ಎರಡನೆಯದು ತೀರಾ ಚಿಕ್ಕದಿದ್ದರೆ ನಿಮ್ಮಲ್ಲಿ ನಕಲೇ ಇಲ್ಲ, ಜಾಗ ಉಳಿಯುತ್ತಿರುವುದು ಬರೀ ಕಂಪ್ರೆಷನ್‌ನಿಂದ ಎಂದರ್ಥ. ಅದರ ಕೆಳಗೆ ನಿಯಮದ ಪ್ರಕಾರ ಬಿಟ್ಟ ಫೈಲುಗಳ ಲೆಕ್ಕವಿರುತ್ತದೆ. ಅಲ್ಲಿ ಚಿಕ್ಕ ಫೈಲುಗಳ ಸಂಖ್ಯೆ ಲಕ್ಷಗಟ್ಟಲೆ ಇದ್ದರೆ ಆ ಫೋಲ್ಡರ್‌ನಿಂದ ಹೆಚ್ಚೇನೂ ನಿರೀಕ್ಷಿಸಬೇಡಿ. ಒಟ್ಟು ಉಳಿತಾಯ ಶೇ 20ಕ್ಕಿಂತ ಕಡಿಮೆ ಬಂದರೆ ನಾನು ಆ ವಾಲ್ಯೂಮನ್ನು ಬಿಟ್ಟುಬಿಡುತ್ತೇನೆ. ಶೇ 30 ದಾಟಿದರೆ ಹಾಕುತ್ತೇನೆ. ನಡುವೆ ಬಂದರೆ ಡಿಸ್ಕ್ ಎಷ್ಟು ತುರ್ತು ಎಂಬುದರ ಮೇಲೆ ತೀರ್ಮಾನ. ಹೋಲಿಸಿ ನೋಡಲು ಮೈಕ್ರೋಸಾಫ್ಟ್ ಕೊಡುವ ಅಂದಾಜು ಹೀಗಿದೆ: ಬಳಕೆದಾರರ ದಾಖಲೆಗಳಲ್ಲಿ ಶೇ 30ರಿಂದ 50, ಇನ್‌ಸ್ಟಾಲರ್‌ಗಳಿರುವ ಶೇರ್‌ಗಳಲ್ಲಿ ಶೇ 70ರಿಂದ 80, ವರ್ಚುವಲ್ ಡಿಸ್ಕ್ ಮತ್ತು ಐಎಸ್‌ಒ ಲೈಬ್ರರಿಗಳಲ್ಲಿ ಶೇ 80ರಿಂದ 95.

ಆದರೆ ಡೇಟಾ ಎಷ್ಟು ಬದಲಾಗುತ್ತಿದೆ ಎಂಬುದನ್ನು ಈ ಸಾಧನ ಹೇಳುವುದಿಲ್ಲ. ಅದಕ್ಕೆ ಪವರ್‌ಶೆಲ್‌ನಲ್ಲಿ ಕಳೆದ ಮೂರು ದಿನ ಮತ್ತು ಕಳೆದ ಮೂವತ್ತು ದಿನಗಳಲ್ಲಿ ತಿದ್ದಿದ ಫೈಲುಗಳ ಒಟ್ಟು ಗಾತ್ರ ತೆಗೆಯಿರಿ. ಗೆಟ್-ಚೈಲ್ಡ್‌ಐಟಂ ಕಮಾಂಡಿನಲ್ಲಿ ಲಾಸ್ಟ್‌ರೈಟ್‌ಟೈಮ್ ನೋಡಿ ಸೋಸಿದರೆ ಸಿಗುತ್ತದೆ. 3 ಟಿಬಿಯಲ್ಲಿ ತಿಂಗಳಿಗೆ 100–200 ಜಿಬಿ ಬದಲಾಗುತ್ತಿದ್ದರೆ ಅದು ಶಾಂತವಾದ ವಾಲ್ಯೂಮ್. ಮೂರು ದಿನಕ್ಕೇ ಒಂದು ಟಿಬಿ ಬದಲಾಗುತ್ತಿದ್ದರೆ ಉಳಿತಾಯ ಎಷ್ಟೇ ತೋರಿಸಲಿ, ಆಪ್ಟಿಮೈಸೇಷನ್‌ಗೆ ಅದರ ಬೆನ್ನು ಹಿಡಿಯಲು ಆಗುವುದಿಲ್ಲ.

ಈಗ ನಿಮ್ಮ ಡ್ರೈವ್‌ಗಳಿಗೆ ಬರೋಣ.

ಐ ಡ್ರೈವ್ ಬಗ್ಗೆ ಚರ್ಚೆಯೇ ಬೇಡ. ಒಂದೇ ವಿಂಡೋಸ್‌ನ ಐದಾರು ಐಎಸ್‌ಒಗಳು, ಒಂದೇ ಇನ್‌ಸ್ಟಾಲರ್‌ನ ಹಲವು ಆವೃತ್ತಿಗಳು. ಬರೆಯುವುದು ಒಮ್ಮೆ, ಓದುವುದು ಆಗೀಗ. ಅಭ್ಯಾಸಕ್ಕೂ ಇದೇ ಒಳ್ಳೆಯದು, ಏನೇ ಎಡವಟ್ಟಾದರೂ ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಬಹುದು. ಎಫ್‌ನಲ್ಲಿ ಆಫ್ ಆಗಿ ಬಿದ್ದಿರುವ ವರ್ಚುವಲ್ ಮಷೀನ್ ಟೆಂಪ್ಲೇಟುಗಳಿದ್ದರೆ ಅವನ್ನೂ ಇಲ್ಲಿಗೇ ತನ್ನಿ. ಒಂದೇ ಜಾತಿಯ ಡೇಟಾ ಒಂದೇ ವಾಲ್ಯೂಮ್‌ನಲ್ಲಿದ್ದಷ್ಟೂ ಲಾಭ ಹೆಚ್ಚು.

ಜಿ ಡ್ರೈವ್‌ನಲ್ಲೇ ನಿಮಗೆ ಅತಿ ಹೆಚ್ಚು ಜಾಗ ಸಿಗಬಹುದು, ಏನೂ ಸಿಗದೆಯೂ ಹೋಗಬಹುದು. ಎಲ್ಲವೂ ಬ್ಯಾಕಪ್ ತಂತ್ರಾಂಶದ ಸೆಟ್ಟಿಂಗ್ ಮೇಲೆ ನಿಂತಿದೆ. ತಂತ್ರಾಂಶವೇ ಎನ್‌ಕ್ರಿಪ್ಟ್ ಮಾಡಿ ಬರೆಯುತ್ತಿದ್ದರೆ ವಾರದ ಏಳು ಪ್ರತಿಗಳೂ ಒಂದಕ್ಕೊಂದು ಸಂಬಂಧವೇ ಇಲ್ಲದ ಬೈಟುಗಳಾಗಿ ಬರುತ್ತವೆ, ವಿಂಡೋಸ್‌ಗೆ ಒಂದು ತುಣುಕೂ ಹೊಂದುವುದಿಲ್ಲ. ಜೋರಾದ ಕಂಪ್ರೆಷನ್‌ನಿಂದಲೂ ಹೆಚ್ಚುಕಡಿಮೆ ಹಾಗೆಯೇ: ಮೂಲದಲ್ಲಿ ಸಣ್ಣ ಬದಲಾವಣೆಯಾದರೂ ಕಂಪ್ರೆಸ್ ಆದ ಫೈಲ್ ಅಲ್ಲಿಂದ ಮುಂದಕ್ಕೆ ಬೇರೆಯದೇ ಆಗಿಬಿಡುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನ ಬಿಎಕೆ (ಬ್ಯಾಕಪ್) ಫೈಲುಗಳಿಗೂ ಇದು ಅನ್ವಯಿಸುತ್ತದೆ. ಆದ್ದರಿಂದ ತಂತ್ರಾಂಶದಲ್ಲಿ ಕಂಪ್ರೆಷನ್ ಆಫ್ ಮಾಡಿ, ಅಥವಾ ಡಿಡುಪ್ಲಿಕೇಷನ್‌ಗೆ ಹೊಂದುವ ಮಟ್ಟವೊಂದು ಅದರಲ್ಲಿದ್ದರೆ ಅದನ್ನಿಡಿ. ಎನ್‌ಕ್ರಿಪ್ಷನ್ ಬೇಕೇ ಬೇಕಿದ್ದರೆ ಬಿಟ್‌ಲಾಕರ್‌ಗೆ ಬನ್ನಿ. ಬದಲಿಸಿದ ಮೇಲೆ ಎರಡು ಪೂರ್ತಿ ಬ್ಯಾಕಪ್ ಆಗಲಿ. ಆ ಎರಡನ್ನೂ ಒಂದು ಫೋಲ್ಡರ್‌ಗೆ ಹಾಕಿ ಡಿಡಿಪಿ-ಇವ್ಯಾಲ್ ಓಡಿಸಿ. ಉಳಿತಾಯ ಶೇ 40ರ ಮೇಲೆ ಬರದಿದ್ದರೆ ಎಲ್ಲೋ ಕಂಪ್ರೆಷನ್ ಇನ್ನೂ ಆನ್ ಇದೆ ಎಂದು ಅನುಮಾನಿಸಿ. ಕಂಪ್ರೆಷನ್ ತೆಗೆದ ಮೇಲೆ ಹೊಸ ಬ್ಯಾಕಪ್‌ಗಳು ತಾತ್ಕಾಲಿಕವಾಗಿ ಹೆಚ್ಚು ಜಾಗ ಕೇಳುತ್ತವೆ, ಏಕೆಂದರೆ ತುಣುಕಾಗುವುದು ಬರೆದಾದ ಮೇಲೆ. ಕನಿಷ್ಠ ಒಂದು ಪೂರ್ತಿ ಬ್ಯಾಕಪ್ ಹಿಡಿಸುವಷ್ಟು ಜಾಗ ಯಾವಾಗಲೂ ಖಾಲಿ ಇರಲೇಬೇಕು.

ಜಿ ಬಗ್ಗೆ ಇನ್ನೊಂದು ವಿಷಯವನ್ನು ಮುಂಚಿತವಾಗಿಯೇ ನಿರ್ಧರಿಸಬೇಕು. ಬ್ಯಾಕಪ್ ಫೈಲುಗಳು ದೊಡ್ಡವು, ಸಾವಿರಾರು ತುಂಡುಗಳಾಗಿ ಚದುರುತ್ತವೆ. ಎನ್‌ಟಿಎಫ್‌ಎಸ್‌ನಲ್ಲಿ ಒಂದು ಫೈಲಿನ ತುಂಡುಗಳ ಪಟ್ಟಿ ಬೆಳೆಯಲು ಮಿತಿಯಿದೆ; ಆ ಮಿತಿ ಮುಟ್ಟಿದರೆ ಫೈಲ್ ಸಿಸ್ಟಂ ಮಿತಿಯಿಂದ ಕೆಲಸ ಪೂರ್ತಿಯಾಗಲಿಲ್ಲ ಎಂಬ 665ನೇ ಎರರ್ ಬಂದು ಬ್ಯಾಕಪ್ ನಿಲ್ಲುತ್ತದೆ. ಇದನ್ನು ತಪ್ಪಿಸಲು ವಾಲ್ಯೂಮನ್ನು 64 ಕೆಬಿ ಅಲೊಕೇಷನ್ ಯೂನಿಟ್‌ನೊಂದಿಗೆ (ಡಿಸ್ಕ್ ಜಾಗ ಹಂಚುವ ಕನಿಷ್ಠ ಅಳತೆ), ದೊಡ್ಡ ಫೈಲ್ ರೆಕಾರ್ಡ್ ಆಯ್ಕೆಯೊಂದಿಗೆ ಫಾರ್ಮ್ಯಾಟ್ ಮಾಡಬೇಕು: ಫಾರ್ಮ್ಯಾಟ್-ವಾಲ್ಯೂಮ್ ಕಮಾಂಡಿನ ಯೂಸ್‌ಲಾರ್ಜ್‌ಎಫ್‌ಆರ್‌ಎಸ್, ಅಥವಾ ಹಳೆಯ ಫಾರ್ಮ್ಯಾಟ್ ಕಮಾಂಡಿನ ಎಲ್ ಸ್ವಿಚ್. ಇದು ಫಾರ್ಮ್ಯಾಟ್ ಮಾಡುವಾಗ ಆಗಬೇಕಾದ ಕೆಲಸ, ಡೇಟಾ ಇಟ್ಟುಕೊಂಡು ಆಗದು. ನಿಮ್ಮ ಬ್ಯಾಕಪ್‌ಗಳ ಇನ್ನೊಂದು ಪ್ರತಿ ಬೇರೆ ಕಡೆ ಇದ್ದರೆ, ಜಿಯನ್ನು ಖಾಲಿ ಮಾಡಿ ಹೀಗೆ ಫಾರ್ಮ್ಯಾಟ್ ಮಾಡಿಯೇ ಶುರುಮಾಡಿ.

ಆನ್ ಮಾಡುವಾಗ ಮೂರು ಬಗೆಯ ಬಳಕೆ ಕೇಳುತ್ತದೆ: ಸಾಮಾನ್ಯ ಫೈಲ್ ಸರ್ವರ್, ವಿಡಿಐ (ಸರ್ವರ್ ಮೇಲೆ ಓಡುವ ವರ್ಚುವಲ್ ಡೆಸ್ಕ್‌ಟಾಪ್‌ಗಳು), ವರ್ಚುವಲೈಸ್ಡ್ ಬ್ಯಾಕಪ್ ಸರ್ವರ್. ಜಿಗೆ ಮೂರನೆಯದು. ಅದು ಫೈಲಿನ ಕನಿಷ್ಠ ವಯಸ್ಸನ್ನು ಸೊನ್ನೆಗಿಳಿಸುತ್ತದೆ, ಅಂದರೆ ನಿನ್ನೆಯ ಬ್ಯಾಕಪ್ ಕೂಡ ತಕ್ಷಣ ತುಣುಕಾಗುತ್ತದೆ. ನಾನು ಅದನ್ನು ಏಳು ದಿನಕ್ಕೆ ಏರಿಸಲು ಹೇಳುತ್ತೇನೆ (ಸೆಟ್-ಡಿಡಪ್‌ವಾಲ್ಯೂಮ್ ಕಮಾಂಡಿನ ಮಿನಿಮಮ್‌ಫೈಲ್‌ಏಜ್‌ಡೇಸ್). ಚದುರಿದ ತುಣುಕುಗಳಿಂದ ದೊಡ್ಡ ಫೈಲನ್ನು ಜೋಡಿಸಿ ಓದುವುದು, ಅದರಲ್ಲೂ ತಿರುಗುವ ಹಾರ್ಡ್ ಡಿಸ್ಕ್‌ನಿಂದ, ನಿಧಾನ. ರಿಸ್ಟೋರ್ ಬೇಕಾಗುವುದು ಹೆಚ್ಚಾಗಿ ಈ ವಾರದ ಪ್ರತಿಯಿಂದ. ಕಚೇರಿ ನಿಂತಿರುವಾಗ ಆ ಪ್ರತಿ ಪೂರ್ತಿ ಫೈಲಾಗಿ ಸಿಗಲಿ. ಏಳು ದಿನದ ಪ್ರತಿಗಳಿಗೆ ಜಾಗ ಸಾಲದಿದ್ದರೆ ಮೂರು ದಿನ ಇಡಿ.

ಮತ್ತೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ: ಜಿಯಲ್ಲಿ ತುಣುಕಾದ ಏಳು ಪೂರ್ತಿ ಪ್ರತಿಗಳಿದ್ದರೂ ಅವುಗಳ ಸಮಾನ ಭಾಗ ಡಿಸ್ಕ್ ಮೇಲೆ ಇರುವುದು ಒಂದೇ ಸಲ. ಆ ಜಾಗ ಕೆಟ್ಟರೆ ಏಳೂ ಕೆಡುತ್ತವೆ. 100ಕ್ಕಿಂತ ಹೆಚ್ಚು ಸಲ ಬಳಕೆಯಾದ ತುಣುಕಿಗೆ ವಿಂಡೋಸ್ ಇನ್ನೊಂದು ಪ್ರತಿ ಇಡುತ್ತದೆ, ವಾರಕ್ಕೊಮ್ಮೆ ಸ್ಕ್ರಬ್ಬಿಂಗ್ ಕೆಲಸ ಹಾಳಾದದ್ದನ್ನು ಹುಡುಕಿ ಸರಿಪಡಿಸಲು ಯತ್ನಿಸುತ್ತದೆ. ಇಷ್ಟನ್ನೇ ನಂಬಿ ಕೂರಬಾರದು. ಡಿ ಡ್ರೈವ್‌ನಲ್ಲೇ ‘ಹಳೆಯ ಪ್ರತಿ’ ಎಂಬ ಫೋಲ್ಡರ್ ಮಾಡಿ ಮುಖ್ಯ ಫೈಲುಗಳನ್ನು ಕಾಪಿ ಮಾಡಿಡುವ ರೂಢಿ ನಿಮ್ಮ ಕಚೇರಿಯಲ್ಲಿದ್ದರೆ, ಡಿಡುಪ್ಲಿಕೇಷನ್ ಬಂದ ದಿನದಿಂದ ಆ ರಕ್ಷಣೆ ಇಲ್ಲ ಎಂದೇ ತಿಳಿಯಿರಿ. ಬ್ಯಾಕಪ್‌ನ ಇನ್ನೊಂದು ಪ್ರತಿ ಈ ಸರ್ವರ್‌ನ ಹೊರಗೆ, ಬೇರೆ ಡಿಸ್ಕ್ ಮೇಲೆ ಇರಲೇಬೇಕು.

ಡಿ ಡ್ರೈವ್‌ಗೆ ಬಂದರೆ, ಸಿಬ್ಬಂದಿಯ ಫೈಲುಗಳು ಸಾಮಾನ್ಯವಾಗಿ ಒಳ್ಳೆಯ ಅಭ್ಯರ್ಥಿಯೇ. ಒಂದೇ ಪಿಡಿಎಫ್ ಇಪ್ಪತ್ತು ಜನರ ಫೋಲ್ಡರ್‌ನಲ್ಲಿ, ಒಂದೇ ವರದಿಯ ಹತ್ತು ತಿದ್ದುಪಡಿಗಳು. ಆದರೆ ಇಡೀ ಡ್ರೈವಿಗೆ ಒಂದೇ ಅಳತೆ ತೆಗೆಯದೆ ದೊಡ್ಡ ಫೋಲ್ಡರ್‌ಗಳನ್ನು ಬೇರೆ ಬೇರೆ ಅಳೆಯಿರಿ. ಔಟ್‌ಲುಕ್‌ನ ಪಿಎಸ್‌ಟಿ (ಇಮೇಲ್ ಸಂಗ್ರಹ) ಫೈಲುಗಳನ್ನು ಜನ ದಿನವಿಡೀ ತೆರೆದಿಟ್ಟಿರುತ್ತಾರೆ. ಟ್ಯಾಲಿಯ ಡೇಟಾ ಫೋಲ್ಡರ್ ಕೂಡ ಕಚೇರಿ ಹೊತ್ತಿನಲ್ಲಿ ಬಳಕೆಯಲ್ಲೇ ಇರುತ್ತದೆ. ಇಂಥವನ್ನು ಎಕ್ಸ್‌ಕ್ಲೂಡ್ ಪಟ್ಟಿಗೆ ಸೇರಿಸಿ. ಸೆಟ್-ಡಿಡಪ್‌ವಾಲ್ಯೂಮ್‌ನಲ್ಲಿ ಫೋಲ್ಡರ್ ಹೆಸರನ್ನೂ ಫೈಲ್ ವಿಸ್ತರಣೆಯನ್ನೂ ಕೊಡಬಹುದು.

ಡಿಗೆ ಹಾಕುವ ಮುನ್ನ ಮೂರು ವಿಚಾರಗಳನ್ನು ಖಚಿತಪಡಿಸಿಕೊಳ್ಳಿ. ಸರ್ವರ್ ಮೇಲೆ ವಿಂಡೋಸ್ ಸರ್ಚ್ ಇಂಡೆಕ್ಸ್ ನಂಬಿಕೊಂಡು ಜನ ಫೈಲ್ ಹುಡುಕುತ್ತಿದ್ದರೆ, ತುಣುಕಾದ ಫೈಲುಗಳನ್ನು ಅದು ಇಂಡೆಕ್ಸ್ ಮಾಡುವುದಿಲ್ಲ. ಹುಡುಕಾಟದಲ್ಲಿ ಹಳೆಯ ಫೈಲುಗಳು ಒಂದೊಂದಾಗಿ ಕಾಣೆಯಾಗುತ್ತವೆ, ದೂರು ನಿಮಗೇ ಬರುತ್ತದೆ. ಎಫ್‌ಎಸ್‌ಆರ್‌ಎಂನಿಂದ (ಫೈಲ್ ಸರ್ವರ್ ರಿಸೋರ್ಸ್ ಮ್ಯಾನೇಜರ್) ಡ್ರೈವ್‌ನ ಮೂಲಕ್ಕೇ ಹಾರ್ಡ್ ಕೋಟಾ, ಅಂದರೆ ಮೀರಲಾಗದ ಜಾಗದ ಮಿತಿ, ಹಾಕಿದ್ದರೆ ಡಿಡುಪ್ಲಿಕೇಷನ್ ಜೊತೆ ಅದಕ್ಕೆ ಬೆಂಬಲವಿಲ್ಲ, ತೆಗೆಯಬೇಕು. ಶ್ಯಾಡೋ ಕಾಪಿ (ಫೈಲುಗಳ ಹಿಂದಿನ ಸ್ಥಿತಿಯನ್ನು ಉಳಿಸಿಡುವ ಸೌಲಭ್ಯ) ಆನ್ ಇದ್ದರೆ ಮೊದಲ ಸುತ್ತಿನಲ್ಲಿ ಇಡೀ ವಾಲ್ಯೂಮ್‌ನ ಬ್ಲಾಕುಗಳು ಅದಲುಬದಲಾಗುವುದರಿಂದ ಅದಕ್ಕೆ ಮೀಸಲಿಟ್ಟ ಜಾಗ ತುಂಬಿ ಹಳೆಯ ಶ್ಯಾಡೋ ಕಾಪಿಗಳು ಅಳಿಸಿಹೋಗಬಹುದು. ಬದಲಾದ ಬ್ಲಾಕುಗಳನ್ನಷ್ಟೇ ತೆಗೆದುಕೊಳ್ಳುವ ಇನ್‌ಕ್ರಿಮೆಂಟಲ್ ಬ್ಯಾಕಪ್ ಕೂಡ ಆ ವಾರ ಅಸಾಧಾರಣವಾಗಿ ದೊಡ್ಡದಾಗುತ್ತದೆ. ಅದಕ್ಕೇ ಡಿಯನ್ನು ಪೂರ್ತಿ ಬ್ಯಾಕಪ್ ಮುಗಿದ ಮರುದಿನ ಶುರುಮಾಡಿ, ಜಿಯನ್ನು ಅದೇ ವಾರ ಮುಟ್ಟಬೇಡಿ.

ಇ ಡ್ರೈವ್ ಏಕೆ ಬೇಡ? ಡೇಟಾಬೇಸ್ ಫೈಲ್ ಸದಾ ತೆರೆದಿರುತ್ತದೆ, ಅದರ ನಡುನಡುವೆ 8 ಕೆಬಿ ಪುಟಗಳು ನಿರಂತರ ಬದಲಾಗುತ್ತಿರುತ್ತವೆ. ಡೇಟಾಬೇಸ್‌ನೊಳಗೆ ಎರಡು ಪುಟ ಒಂದೇ ತೆರನಾಗಿರುವುದೂ ಅಪರೂಪ. ನಕಲೂ ಇಲ್ಲ, ಶಾಂತಿಯೂ ಇಲ್ಲ. ಜಾಗ ಸಾಲದಿದ್ದರೆ ಎಸ್‌ಕ್ಯೂಎಲ್ ಸರ್ವರ್‌ನ ಪೇಜ್ ಕಂಪ್ರೆಷನ್ ನೋಡಿ.

ಎಫ್ ಸ್ವಲ್ಪ ಆಸೆ ಹುಟ್ಟಿಸುತ್ತದೆ, ಏಕೆಂದರೆ ಡಿಡಿಪಿ-ಇವ್ಯಾಲ್ ಅಲ್ಲಿ ದೊಡ್ಡ ಸಂಖ್ಯೆಯನ್ನೇ ತೋರಿಸಬಹುದು: ಐದು ವರ್ಚುವಲ್ ಮಷೀನುಗಳಲ್ಲೂ ಅದೇ ವಿಂಡೋಸ್. ಆದರೆ ಓಡುತ್ತಿರುವ ಮಷೀನುಗಳಿಗೆಂದು ಈ ಸೌಲಭ್ಯದಲ್ಲಿರುವುದು ವಿಡಿಐ ಬಗೆ, ಅಂದರೆ ಒಂದೇ ಅಚ್ಚಿನ ಡೆಸ್ಕ್‌ಟಾಪ್‌ಗಳ ಸಾಲು. ಡೊಮೈನ್ ಕಂಟ್ರೋಲರ್, ಅಪ್ಲಿಕೇಷನ್ ಸರ್ವರ್‌ಗಳಿಗೆ ಅದನ್ನು ಬಳಸಬೇಡಿ. ಬರೆಯುವ ವೇಗ ಕುಸಿದಾಗ ಅದು ಎಲ್ಲ ಮಷೀನುಗಳಿಗೂ ಒಟ್ಟಿಗೇ ತಟ್ಟುತ್ತದೆ. ಎಫ್‌ನಲ್ಲಿ ಫೈಲ್ ಸರ್ವರ್ ಆಗಿರುವ ವರ್ಚುವಲ್ ಮಷೀನ್ ಇದ್ದರೆ ಅದರ ಒಳಗಿನ ಡೇಟಾ ವಾಲ್ಯೂಮ್‌ಗೆ ಡಿಡುಪ್ಲಿಕೇಷನ್ ಹಾಕಬಹುದು. ಒಳಗೊಂದು, ಹೊರಗೊಂದು ಎಂದು ಎರಡೂ ಕಡೆ ಬೇಡ. ವಿಂಡೋಸ್ ಸರ್ವರ್ 2025ರಲ್ಲಿ ಆರ್‌ಇಎಫ್‌ಎಸ್ ಎಂಬ ಇನ್ನೊಂದು ಫೈಲ್ ಸಿಸ್ಟಂಗೇ ಸೇರಿದ, ಓಡುತ್ತಿರುವ ಮಷೀನುಗಳಿಗೆ ಹೊಂದುವ ಬೇರೆ ಡಿಡುಪ್ಲಿಕೇಷನ್ ಬಂದಿದೆ. ಎಫ್‌ನ ಪ್ರಶ್ನೆಯನ್ನು ಸರ್ವರ್ ಬದಲಿಸುವ ವರ್ಷಕ್ಕೆ ಎತ್ತಿಡಿ.

ಎಚ್‌ನ ವಿಡಿಯೊ ಆಗಲೇ ಕಂಪ್ರೆಸ್ ಆದದ್ದು, ಒಂದು ಗಂಟೆಯ ರೆಕಾರ್ಡಿಂಗ್ ಇನ್ನೊಂದಕ್ಕೆ ಹೊಂದದು, ಅವಧಿ ಮುಗಿದದ್ದು ಅಳಿಯುತ್ತಲೂ ಇರುತ್ತದೆ. ಫೋಟೊಗಳು ಮಾತ್ರ ಬೇರೆ ಕಥೆ: ಒಂದೇ ಸಮಾರಂಭದ ಫೋಟೊಗಳನ್ನು ನಾಲ್ಕು ವಿಭಾಗದವರು ನಾಲ್ಕು ಕಡೆ ಹಾಕಿಕೊಂಡಿದ್ದರೆ ಅವನ್ನು ಡಿಗೆ ಸಾಗಿಸುವುದು ಲಾಭ.

ಈಗ ಮೆಮೊರಿ. ಡಿ, ಜಿ, ಐ ಸೇರಿ 11.6 ಟಿಬಿ, ಸರಿಸುಮಾರು 12. ಕನಿಷ್ಠ ಬೇಕಾದದ್ದು 300 ಎಂಬಿ ಮತ್ತು ಪ್ರತಿ ಟಿಬಿಗೆ 50 ಎಂಬಿ, ಅಂದರೆ 900 ಎಂಬಿ. ಚೆನ್ನಾಗಿ ಓಡಲು ಪ್ರತಿ ಟಿಬಿಗೆ 1 ಜಿಬಿಯಂತೆ 12 ಜಿಬಿ. ಈ ಟಿಬಿ ಲೆಕ್ಕ ಫೈಲುಗಳ ಪೂರ್ತಿ ಗಾತ್ರದ್ದು, ಉಳಿತಾಯದ ನಂತರದ್ದಲ್ಲ. ಉಳಿದ ಜಾಗದಲ್ಲಿ ಡೇಟಾ ತುಂಬಿದಂತೆ ಮೆಮೊರಿಯ ಅಗತ್ಯವೂ ಏರುತ್ತದೆ. ನಿಮ್ಮ 32 ಜಿಬಿಯಲ್ಲಿ ಎಸ್‌ಕ್ಯೂಎಲ್ ಸರ್ವರ್ ಮತ್ತು ಹೈಪರ್-ವಿ ಎರಡೂ ಇವೆ. ಎಸ್‌ಕ್ಯೂಎಲ್‌ಗೆ ಗರಿಷ್ಠ ಮೆಮೊರಿ ಮಿತಿ ಹಾಕದೆ ಬಿಟ್ಟಿದ್ದರೆ ಮೊದಲು ಅದನ್ನು ಹಾಕಿ. ನ್ಯೂ-ಡಿಡಪ್‌ಶೆಡ್ಯೂಲ್‌ನಿಂದ ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ಐದಕ್ಕೆ ನಿಲ್ಲುವ ಆಪ್ಟಿಮೈಸೇಷನ್ ಇಟ್ಟು, ಮೆಮೊರಿ ಶೇ 25 ಎಂದು ಕೊಡಿ. ಬ್ಯಾಕಪ್‌ನ ಹೊತ್ತಿಗೆ ಇದು ಅಡ್ಡ ಬರದಂತೆ ಎರಡರಲ್ಲೊಂದನ್ನು ಸರಿಸಿ.

ಶುರುವಾದ ಮೇಲೆ ಗೆಟ್-ಡಿಡಪ್‌ಸ್ಟೇಟಸ್ ನೋಡುತ್ತಿರಿ. ಅದರಲ್ಲಿ ನಿಯಮಕ್ಕೆ ಒಳಪಡುವ ಫೈಲುಗಳ ಸಂಖ್ಯೆ ಒಂದು, ಈವರೆಗೆ ಆಪ್ಟಿಮೈಸ್ ಆದವುಗಳ ಸಂಖ್ಯೆ ಒಂದು. ಎರಡರ ಅಂತರ ವಾರದಿಂದ ವಾರಕ್ಕೆ ಕಿರಿದಾಗಬೇಕು. ಹಿಗ್ಗುತ್ತಿದ್ದರೆ ಸಿಕ್ಕ ಹೊತ್ತು ಸಾಲುತ್ತಿಲ್ಲ, ಅಥವಾ ವಾಲ್ಯೂಮ್ ಅಂದುಕೊಂಡಷ್ಟು ಶಾಂತವಾಗಿಲ್ಲ. ದೊಡ್ಡ ಫೋಲ್ಡರ್ ಅಳಿಸಿದರೂ ಜಾಗ ಬರಲಿಲ್ಲವೆಂದು ಗಾಬರಿಯಾಗಬೇಡಿ: ಕಸವಾದ ತುಣುಕುಗಳನ್ನು ತೆಗೆಯುವ ಗಾರ್ಬೇಜ್ ಕಲೆಕ್ಷನ್ ಕೆಲಸ ಓಡುವುದು ವಾರಕ್ಕೊಮ್ಮೆ, ಡಿಫಾಲ್ಟ್ ಆಗಿ ಶನಿವಾರ ನಸುಕಿನಲ್ಲಿ. ಆ ಹೊತ್ತಿಗೆ ಸರ್ವರ್ ಆಫ್ ಮಾಡುವ ಪದ್ಧತಿಯಿದ್ದರೆ ಅದು ಎಂದೂ ಓಡುವುದೇ ಇಲ್ಲ, ವೇಳೆ ಬದಲಿಸಿ. ತುರ್ತಿದ್ದರೆ ಸ್ಟಾರ್ಟ್-ಡಿಡಪ್‌ಜಾಬ್‌ನಿಂದ ಕೈಯಾರೆ ಓಡಿಸಬಹುದು.

ಜಾಗ ತುಂಬಿದಾಗ ಯಾರಾದರೂ ಸಿಸ್ಟಂ ವಾಲ್ಯೂಮ್ ಇನ್‌ಫರ್ಮೇಷನ್ ಫೋಲ್ಡರ್ ದೊಡ್ಡದಿದೆ ಎಂದು ಅಳಿಸಲು ಹೊರಡುತ್ತಾರೆ. ಡೇಟಾ ಇರುವುದೇ ಅಲ್ಲಿ. ಅದನ್ನು ಅಳಿಸಿದರೆ ಹೊರಗೆ ಉಳಿಯುವುದು ಖಾಲಿ ಸೂಚಿಗಳು. ರೋಬೊಕಾಪಿ ಎಂಬ ಕಾಪಿ ಕಮಾಂಡಿನ ಮಿರರ್ ಸ್ವಿಚ್ (ಮೂಲದಲ್ಲಿಲ್ಲದ್ದನ್ನು ಗುರಿಯಲ್ಲಿ ಅಳಿಸುವಂಥದ್ದು) ಬಳಸಿ ಡ್ರೈವ್‌ನ ಮೂಲದಿಂದ ಮೂಲಕ್ಕೆ ಕಾಪಿ ಮಾಡಿದರೂ ಗುರಿ ವಾಲ್ಯೂಮ್‌ನ ಚಂಕ್ ಸ್ಟೋರ್ ಹೀಗೆಯೇ ಅಳಿದುಹೋಗಬಹುದು. ಆ ಫೋಲ್ಡರನ್ನು ಹೊರಗಿಟ್ಟು, ಶೇರ್ ಫೋಲ್ಡರ್‌ಗಳನ್ನಷ್ಟೇ ಕಾಪಿ ಮಾಡಿ.

ಕೊನೆಯದಾಗಿ, ಹಿಂದಕ್ಕೆ ಬರುವ ದಾರಿ. ಡಿಸೇಬಲ್-ಡಿಡಪ್‌ವಾಲ್ಯೂಮ್ ಹೊಸ ಫೈಲುಗಳನ್ನು ತುಣುಕು ಮಾಡುವುದನ್ನಷ್ಟೇ ನಿಲ್ಲಿಸುತ್ತದೆ, ಹಳೆಯವು ತುಣುಕಾಗಿಯೇ ಇರುತ್ತವೆ. ಎಲ್ಲವನ್ನೂ ಮೊದಲಿನಂತೆ ಮಾಡಲು ಅನ್‌ಆಪ್ಟಿಮೈಸೇಷನ್ ಕೆಲಸ ಓಡಿಸಬೇಕು, ಅದಕ್ಕೆ ಫೈಲುಗಳ ಪೂರ್ತಿ ಗಾತ್ರದಷ್ಟು ಜಾಗ ಅದೇ ವಾಲ್ಯೂಮ್‌ನಲ್ಲಿ ಬೇಕು. 3 ಟಿಬಿಯ ಡಿಯಲ್ಲಿ 4.5 ಟಿಬಿ ತುಂಬಿಸಿದ ಮೇಲೆ ಆ ದಾರಿ ಮುಚ್ಚಿತು. ಫೀಚರನ್ನೇ ಅನ್‌ಇನ್‌ಸ್ಟಾಲ್ ಮಾಡಿದರೆ, ಅಥವಾ ಡಿಸ್ಕನ್ನು ಕಳಚಿ ಈ ಫೀಚರ್ ಇಲ್ಲದ ಮಷೀನಿಗೆ ಹಾಕಿದರೆ, ತುಣುಕಾದ ಫೈಲುಗಳು ತೆರೆಯುವುದಿಲ್ಲ. ವಿಂಡೋಸ್ 10, 11 ಎರಡರಲ್ಲೂ ಈ ಫೀಚರ್ ಇಲ್ಲ. ಸರ್ವರ್ ಕೆಟ್ಟ ದಿನ ಡಿಸ್ಕನ್ನು ಯಾವ ಮಷೀನಿಗೆ ಹಾಕಿ ಓದುತ್ತೀರಿ ಎಂಬುದನ್ನು, 2019 ಅಥವಾ ನಂತರದ ವಿಂಡೋಸ್ ಸರ್ವರ್ ಇರುವ ಮಷೀನ್ ಯಾವುದೆಂದು ಹೆಸರು ಸಮೇತ, ಆನ್ ಮಾಡುವ ಮೊದಲೇ ಬರೆದಿಟ್ಟುಕೊಳ್ಳಿ.